ಹುಳುಮನೆಯ ಹಲ್ಲಿ

ಮಳವಳ್ಳಿ ಕಡೆಯ ನಮ್ಮೂರಲ್ಲಿ ರೇಷ್ಮೆಹುಳು ಮೇಯಿಸುವವರಿಗೆ ಹಲ್ಲಿ ಕಂಡರಾಗದು. ನಮ್ಮ ಹುಳುಮನೆಯ ಟ್ಯೂಬ್‌ಲೈಟಿನ ಹಿಂದೆ ಒಂದು ಹೆಣ್ಣು ಹಲ್ಲಿ ಇತ್ತು. ಹೊಟ್ಟೆಯ ತೆಳು ಚರ್ಮದೊಳಗೆ ಎರಡು ಮೊಟ್ಟೆ ಬೆಳ್ಳಗೆ ಕಾಣುತ್ತಿದ್ದವು. ರೆಪ್ಪೆಯಿಲ್ಲದ ಕಣ್ಣನ್ನು ನಾಲಿಗೆಯಲ್ಲೇ ಒರೆಸಿಕೊಂಡು ಗಂಟೆಗಟ್ಟಲೆ ಹೊಂಚು ಹಾಕುತ್ತಿತ್ತು. ನೋಡಲು ನನಗೆ ಇಷ್ಟವೇ ಇತ್ತು, ಅದು ತಟ್ಟೆಗಿಳಿದು ನನ್ನ ಹುಳುವನ್ನೇ ಕಚ್ಚಿಕೊಂಡು ಹೋಗುವವರೆಗೆ!

ಪೊರಕೆ ಬೀಸಿದೆ. ಬಾಲ ಕಳಚಿ ಓಡಿತು.

"ಬುಡವ್ವ, ಬಸ್ರಿ ಅದು," ಎಂದರು ಬಾಗಿಲಾಚೆಯಿಂದ ಅತ್ತೆ.

ಅತ್ತೆಗೆ ಹೊಗೆಸೊಪ್ಪಿನ ಚಟ. ಅದರ ಸೋಂಕು ತಗುಲಿದರೆ ಹುಳು ಉಳಿಯುವುದಿಲ್ಲ. ಹಾಗಾಗಿ ಬಾಯಿ ಮುಕ್ಕಳಿಸಿ, ಸೋಪು ಹಚ್ಚಿ ಕೈ ತೊಳೆದೇ ಒಳಗೆ ಬರುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಹೊಗೆಸೊಪ್ಪಿನ ಘಾಟಿಗೆ ಹಲ್ಲಿ ನಿಲ್ಲದು ಎಂದು ಯಾರೋ ಅಂದಿದ್ದು ನೆನಪಾಯಿತು. ಅತ್ತೆಯ ಸಂಚಿಯಿಂದಲೇ ಒಂದಿಷ್ಟು ಎತ್ತಿ, ನೆನೆಸಿ, ಗೋಡೆಯ ಸಂದಿಗೆಲ್ಲ ತಿಕ್ಕಿದೆ. ಅಷ್ಟರಲ್ಲಿ ಮೇವಿನ ಹೊತ್ತಾಯಿತು. ಸಿಟ್ಟಿನ ಭರದಲ್ಲಿ ಅದೇ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಹರಡಿಬಿಟ್ಟೆ.

ಬೆಳಿಗ್ಗೆ ನೋಡಿದರೆ, ಅಯ್ಯೋ, ಹುಳುಗಳು ತಲೆಯೆತ್ತಿ ಹಸಿರು ಕಕ್ಕುತ್ತಿದ್ದವು. ಮೂರು ಸಲ ಪೊರೆ ಬಿಟ್ಟು ಬೆಳೆದಿದ್ದ ಹುಳುಗಳು ಗೂಡು ಕಟ್ಟುವ ಮೊದಲೇ ಸತ್ತವು. ಅತ್ತೆ ತಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ನನ್ ಬಾಯಿಂದ್ಲೇ ಸತ್ವು ಕಣವ್ವ. ನೆನ್ನೆ ಸರ್ಯಾಗಿ ಮುಕ್ಕುಳ್ಸಿಲ್ಲ ಅನ್ಸುತ್ತೆ."

ಅದೇ ಗಳಿಗೆಗೆ ಗೋಡೆಯಿಂದ ಹಲ್ಲಿ ಲೊಚಗುಟ್ಟಿತು. ಹಲ್ಲಿ ನುಡಿದರೆ ಆಡಿದ ಮಾತು ಸತ್ಯ ಎಂದು ನಂಬಿದ ಜೀವ ಅತ್ತೆಯದು. ಬೆರಳಿನಿಂದ ನೆಲ ತಟ್ಟಿ "ಕೃಷ್ಣ ಕೃಷ್ಣ" ಎಂದರು. ನಾನು ತುಟಿ ಬಿಚ್ಚಲಿಲ್ಲ. ಅವತ್ತೇ ಸಂಚಿ ಒಲೆಗೆ ಬಿತ್ತು. ಅತ್ತೆ ಸಾಯುವವರೆಗೂ ಹೊಗೆಸೊಪ್ಪು ಮುಟ್ಟಲಿಲ್ಲ.

ಹಲ್ಲಿ ಲೊಚಗುಟ್ಟುವುದು ಇನ್ನೊಂದು ಹಲ್ಲಿಗಾಗಿ. ತನ್ನ ಜಾಗಕ್ಕೆ ಬರಬೇಡ ಎನ್ನಲು, ಇಲ್ಲವೇ ಜೊತೆಗೆ ಬಾ ಎನ್ನಲು. ನಮ್ಮ ಮಾತು ಅದಕ್ಕೆ ಲೆಕ್ಕಕ್ಕಿಲ್ಲ. ಇದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೂ ಅದರ ಸಾಕ್ಷಿಯ ಹಿಂದೆ ಅಡಗಿಕೊಂಡೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕಳೆದ ಮಾರಲಾಮಿ ಹಬ್ಬದಲ್ಲಿ ಹಿರಿಯರಿಗೆ ಎಡೆ ಇಡುವಾಗ ಅತ್ತೆಯ ಎಲೆಗೆ ಹೊಗೆಸೊಪ್ಪೂ ಇಟ್ಟೆ.

"ಅವ್ವ ಅದ್ನ ಬುಟ್ಬುಟ್ಟಿತ್ತಲ್ಲಮ್ಮಿ?" ಎಂದರು ಯಜಮಾನರು.

"ಬುಡ್ಲಿಲ್ಲ. ನಾನು ಬುಡುಸ್ದೆ. ಆವತ್ತು ಹುಳ ಸಾಯ್ಸಿದ್ದು ನಾನು."

ಅವರು ಕೈಯಲ್ಲಿದ್ದ ಊದುಬತ್ತಿ ಹಿಡಿದೇ ನಿಂತರು. ಹಲ್ಲಿ ಸಾಕ್ಷಿ ನುಡಿಯದೆಂದು ಗೊತ್ತಿದ್ದೂ ನಾನು ಗೋಡೆಯತ್ತ ನೋಡಿದೆ. ಹಲ್ಲಿ ನುಡಿಯಲಿಲ್ಲ. ನಾನೇ ಬಗ್ಗಿ ನೆಲ ತಟ್ಟಿದೆ.