ಅರ್ಜೆಂಟೀನಾದ ಯಜಮಾನ

ನಾಶಿಕದಲ್ಲಿ ಬೆಳೆದ ನನ್ನಂಥವರ ಕನ್ನಡದೊಳಗೆ ಮರಾಠಿ ಎಲ್ಲಿ ನುಸುಳುತ್ತದೆ ಎಂಬುದು ನಮಗೇ ಗೊತ್ತಾಗುವುದಿಲ್ಲ. ಗೊತ್ತಾಗುವುದು ಬೇರೆಯವರು ನಕ್ಕಾಗ. ಅಂಥ ಒಂದು ನಗುವಿನ ಮೇಲೆ ನಾನು ಜಗಳ ತೆಗೆದೆ.

ಅರ್ಜೆಂಟೀನಾದಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದ ವರ್ಷ. ನಾನು ಕಾಲೇಜಿನಲ್ಲಿದ್ದೆ, ಅಪ್ಪ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಕನ್ನಡಿಗರು ಸೇರುತ್ತಿದ್ದದ್ದು ಉಡುಪಿ ಕಡೆಯವರೊಬ್ಬರ ಹೋಟೆಲಿನಲ್ಲಿ. ಅದರ ಮಾಲೀಕರಿಗೆ ಫುಟ್‌ಬಾಲ್ ಹುಚ್ಚು. ಬೆಳಗಿನ ರೇಡಿಯೊ ವಾರ್ತೆಯಲ್ಲಿ ಫಲಿತಾಂಶ ಬರುವಾಗ ಇಡ್ಲಿ ಬಡಿಸುವವರೂ ಕೈ ನಿಲ್ಲಿಸಬೇಕು. ಗೋಲು ಹೊಡೆದವನ ಹೆಸರು ಸರಿಯಾಗಿ ಕೇಳಿಸದಿದ್ದರೂ ಚಪ್ಪಾಳೆ ಬೀಳುತ್ತಿತ್ತು.

"ನಮ್ಮ ಅರ್ಜೆಂಟೀನಾ ಗೆದ್ದಿತು ನೋಡಿ!" ಎಂದರು ಮಾಲೀಕರು ಒಂದು ಬೆಳಿಗ್ಗೆ.

"ಅದು ನಿಮ್ಮದು ಯಾವಾಗ ಆತ್ರಿ?" ಎಂದೆ.

"ಎಂತ ಮಾರಾಯ್ತಿ, ಕಾಪಿ ಕುಡಿಯುವಾಗಲೂ ವಾದವಾ?"

ಮರಾಠಿ ಪತ್ರಿಕೆ ಮುಂದಿಟ್ಟೆ. ಅಲ್ಲಿ ಸೈನ್ಯದ ಆಡಳಿತ. ಎದುರು ಮಾತಾಡಿದವರು ಮನೆಯಿಂದಲೇ ಕಾಣೆಯಾಗುತ್ತಿದ್ದರು, ಅವರ ತಾಯಂದಿರು ಮಕ್ಕಳೆಲ್ಲಿ ಎಂದು ಕೇಳುತ್ತ ರಾಜಧಾನಿಯ ಚೌಕದಲ್ಲಿ ಸುತ್ತು ಹಾಕುತ್ತಿದ್ದರು. ಇಂಥ ಕಡೆ ಹೋಗಿ ಆಡಬೇಕೇ ಎಂದು ಯುರೋಪಿನಲ್ಲಿ ಗಲಾಟೆ ಎದ್ದಿತ್ತು. ಮಾಲೀಕರು ಓದಿ "ಪಾಪ" ಎಂದರು. ಆಮೇಲೆ, "ಆದ್ರೆ ಆಟದ್ದು ಎಂತ ತಪ್ಪು?"

ಒಳ್ಳೆಯ ಪ್ರಶ್ನೆ. ನನ್ನಲ್ಲಿ ಉತ್ತರ ಇನ್ನೂ ಸಿದ್ಧವಿರಲಿಲ್ಲ.

ಅದೇ ವಾರ ಹೋಟೆಲಿನ ಮಾಳಿಗೆಯಲ್ಲಿ ಕನ್ನಡ ಸಂಘದ ಚರ್ಚಾಸ್ಪರ್ಧೆ. ಗೆದ್ದವರು ಔರಂಗಾಬಾದಿನ ಕನ್ನಡ ಕೂಟದಲ್ಲಿ ಮಾತಾಡಬೇಕು. ಅಪ್ಪ ಜೊತೆಗಿಲ್ಲದೆ ನಾನು ಊರು ದಾಟಿದವಳಲ್ಲ. ಗೆದ್ದರೆ ಮಾತ್ರ ಕಳಿಸುತ್ತೇನೆ ಎಂದಿದ್ದರು. ಹೇಗಾದರೂ ಹೋಗಲೇಬೇಕಿತ್ತು. ವಿಷಯ: ದೊಡ್ಡ ಕ್ರೀಡಾಕೂಟ ನಡೆಸುವುದರಿಂದ ದೇಶದ ಮಾನ ಹೆಚ್ಚುತ್ತದೆ. ನಾನು ವಿರೋಧ.

"ಈ ಸಲದ ಯಜಮಾನ ದೇಶ ಅರ್ಜೆಂಟೀನಾ..." ಎಂದು ಶುರುಮಾಡಿದ್ದೇ ತಡ, ಸಭೆ ಗೊಳ್ಳೆಂದಿತು.

"ಯಾರ ಮನೀ ಯಜಮಾನ್ರವಾ? ಹೆಂಡ್ತಿ ಎಲ್ಲಿ?" ಹಿಂದಿನಿಂದ ಒಬ್ಬರು ಕೂಗಿದರು.

ಮರಾಠಿಯಲ್ಲಿ ಯಜಮಾನ ಎಂದರೆ ಅತಿಥಿಗಳನ್ನು ಕರೆದು ಉಪಚರಿಸುವವನು. ಪತ್ರಿಕೆಗಳೆಲ್ಲ ಹಾಗೆಯೇ ಬರೆಯುತ್ತಿದ್ದವು. ಕನ್ನಡದಲ್ಲಿ ಅವನು ಒಡೆಯ, ಇಲ್ಲವೇ ಗಂಡ. ತೀರ್ಪುಗಾರರು ಧಾರವಾಡದ ನಿವೃತ್ತ ಮೇಷ್ಟ್ರು. ಗಂಟೆ ಬಾರಿಸಿದರು. "ಆತಿಥೇಯ ಅನ್ನಬೇಕವಾ. ತಪ್ಪಾತು ಅಂದು ಮುಂದ ಹೋಗು."

ಅನ್ನಬಹುದಿತ್ತು. ಆದರೆ ಆ ನಗುವಿನಲ್ಲೇ ನನ್ನ ಉತ್ತರ ಸಿಕ್ಕಿಬಿಟ್ಟಿತ್ತು.

"ತಿದ್ದೂದಿಲ್ರಿ ಸರ್. ಆತಿಥೇಯ ಅಂದ್ರ ಬಂದವರಿಗೆ ಬಡಿಸಿ ಆಮ್ಯಾಲೆ ತಾನು ಉಣ್ಣಾಂವ. ಮನೀ ಮಂದೀನ್ನ ಕತ್ತಲಕೋಣ್ಯಾಗ ಕೂಡಿಹಾಕಿ, ಪಡಸಾಲ್ಯಾಗ ಅತಿಥಿಗಳಿಗೆ ಜಮಖಾನ ಹಾಸಾಂವಗ ಏನಂತೀರಿ? ಇಡೀ ಮನಿ ತನ್ನದ ಅಂತ ತಿಳಕೊಂಡಾಂವಗ? ಯಜಮಾನ! ನಮ್ಮ ಕನ್ನಡದ ಅರ್ಥನ ಸರಿ ಐತ್ರಿ."

ನಗು ನಿಂತಿತು. ಮುಂದಿನ ಸಾಲಿನಲ್ಲಿದ್ದ ಹೋಟೆಲಿನ ಮಾಲೀಕರು ತಡೆಯಲಾರದೆ, "ಆಡುವ ಹುಡುಗರದ್ದು ಎಂತ ತಪ್ಪು, ಹೇಳಿ" ಎಂದರು.

"ಏನೂ ಇಲ್ರಿ. ಗೋಲು ಅವರದು, ಮೆರವಣಿಗಿ ಯಜಮಾನಂದು. ನೀವು ಚಪ್ಪಾಳಿ ಯಾರಿಗೆ ಹೊಡೀತೀರಿ, ಅದನ್ನ ಕೇಳಾಕತ್ತೀನಿ."

ತೀರ್ಪಿಗೆ ಮುಂಚೆ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದರು. "ಮಾತು ಚಲೋ ಅದ. ವೇದಿಕಿ ಮ್ಯಾಲೆ ನಿಂತು ತಪ್ಪಾತು ಅಂತ ಒಂದು ಮಾತು ಹೇಳು. ಔರಂಗಾಬಾದಿಗೆ ನೀನ ಹೋಗ್ತಿ."

"ತಪ್ಪಾಗಿದ್ದು ಶಬ್ದಾನೋ, ಅರ್ಥಾನೋ ಸರ್?"

"ಶಬ್ದ."

"ಹಂಗಾರ ಅರ್ಥ ಒಪ್ಪಿದ್ರಿ. ತಪ್ಪಾತು ಅಂದ್ರ ಅದೂ ಹೋಗ್ತದ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಭಾಳ ಸೊಕ್ಕವಾ ನಿಂಗ" ಎಂದು ಹೊರಟುಹೋದರು.

ಔರಂಗಾಬಾದಿಗೆ ಹೋದದ್ದು ವಿಷಯದ ಪರವಾಗಿ ಮಾತಾಡಿದವನು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಅವನ ಭಾಷಣದಲ್ಲಿ ಕ್ರೀಡಾಂಗಣ, ಬಾವುಟ, ಸ್ನೇಹ ಎಲ್ಲ ಇತ್ತು, ಕನ್ನಡದಲ್ಲಿ ಒಂದೂ ತಪ್ಪಿರಲಿಲ್ಲ. ಕಾಣೆಯಾದವರ ಬಗ್ಗೆ ಒಂದು ಮಾತೂ ಇರಲಿಲ್ಲ.