ಅಲೆ ಒಡೆಯದ ಜಾಗ

2018ರ ಡಿಸೆಂಬರ್‌ನಲ್ಲಿ ನಾನು ಬಳ್ಳಾರಿಯ ಒಂದು ದಿನಪತ್ರಿಕೆಯಲ್ಲಿ ಮುಖ್ಯ ಉಪಸಂಪಾದಕನಾಗಿದ್ದೆ. ಕಚೇರಿ ಬ್ರೂಸ್‌ಪೇಟೆಯಲ್ಲಿ, ಪಾತ್ರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ವರದಿಗಾರರು ಕಳಿಸಿದ್ದನ್ನು ತಿದ್ದಿ, ತಲೆಬರಹ ಕೊಟ್ಟು, ಪುಟದಲ್ಲಿ ಕೂರಿಸುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದೆ. ಈ ಕೆಲಸದಲ್ಲಿ ಹೆಸರು ಅಚ್ಚಾಗುವುದಿಲ್ಲ. ಅದು ನನಗೆ ಇಷ್ಟವಾಗಿಯೇ ಇತ್ತು.

ಪ್ರತಿ ಶನಿವಾರ ನಮ್ಮಲ್ಲಿ ಪ್ರವಾಸದ ಪುಟ ಬರುತ್ತಿತ್ತು. ಡಿಸೆಂಬರ್ ಬಂತೆಂದರೆ ಆ ಪುಟಕ್ಕೆ ಓದುಗರು ಹೆಚ್ಚು. ಜೀನ್ಸ್ ಘಟಕಗಳಲ್ಲಿ ಎರಡು ಮೂರು ದಿನ ರಜೆ ಸಿಕ್ಕರೆ ಸಾಕು, ಜನ ವ್ಯಾನು ಮಾಡಿಕೊಂಡು ಕರಾವಳಿಗೆ ಹೊರಡುತ್ತಿದ್ದರು. ಆ ವಾರ ಕರಾವಳಿಯ ಅರೆಕಾಲಿಕ ವರದಿಗಾರ ಒಂದು ಕಡಲತೀರದ ಬಗ್ಗೆ ಲೇಖನ ಕಳಿಸಿದ್ದ. ಹಲಗೆಯ ಮೇಲೆ ನಿಂತು ಅಲೆಯ ಬೆನ್ನೇರುವ ಸರ್ಫಿಂಗ್ ಅನ್ನು ಅಲ್ಲಿ ಮೀನುಗಾರರ ಮಕ್ಕಳೇ ಕಲಿಸುತ್ತಾರೆ, ಒಬ್ಬರೇ ಕುಳಿತು ಹುಟ್ಟು ಹಾಕುವ ಕಯಾಕ್ ಸಿಗುತ್ತದೆ, ಬಂಡೆಗಳ ಅಂಚಿನಲ್ಲಿ ಎರಡು ಗಂಟೆ ನಡೆದರೆ ಇನ್ನೊಂದು ಕಡಲತೀರಕ್ಕೆ ಇಳಿಯಬಹುದು. ಲೇಖನ ಚೆನ್ನಾಗಿತ್ತು. ಆ ಕಡಲತೀರದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಪ್ಪು ಅದರದಲ್ಲ.

ಪುಟ ಸಂಜೆ ಐದೂವರೆಗೆ ಹೋಗಬೇಕು. ಐದೂ ಇಪ್ಪತ್ತಕ್ಕೆ ಕೊನೆಯ ಕಾಲಂನಲ್ಲಿ ಮೂರು ಸಾಲಿನ ಜಾಗ ಖಾಲಿ ಉಳಿಯಿತು. ಫೋಟೊ ದೊಡ್ಡದು ಮಾಡಬಹುದಿತ್ತು. ವರದಿಗಾರನಿಗೆ ಫೋನ್ ಮಾಡಿ ಇನ್ನೊಂದು ವಾಕ್ಯ ಕೇಳಬಹುದಿತ್ತು. ನಾನು ಅದೆರಡನ್ನೂ ಮಾಡದೆ ಪುಟ ಕಟ್ಟುವ ಹುಡುಗಿಯ ಹಿಂದೆ ನಿಂತು ಹೇಳಿ ಬರೆಸಿದೆ: 'ಈಜು ಬಾರದವರು, ಮಕ್ಕಳೊಂದಿಗೆ ಬಂದವರು ಅಲೆ ಒಡೆಯುವ ಕಡೆ ಇಳಿಯಬೇಡಿ. ಅಲೆ ಒಡೆಯದ, ನೀರು ಶಾಂತವಾಗಿರುವ ಜಾಗ ನೋಡಿ ಇಳಿಯಿರಿ.'

ಮೂರು ಸಾಲು ಸರಿಯಾಗಿ ಕೂತವು.

ನಾನು ಸಿರುಗುಪ್ಪದವನು. ತುಂಗಭದ್ರೆಯಲ್ಲಿ ಈಜು ಕಲಿತವನು. ಹೊಳೆಯಲ್ಲಿ ನೀರು ಎಲ್ಲಿ ನೊರೆ ಎಬ್ಬಿಸುತ್ತದೋ ಅಲ್ಲಿ ಬಂಡೆ, ಅಲ್ಲಿ ಸುಳಿ. ಎಲ್ಲಿ ಸುಮ್ಮನಿರುತ್ತದೋ ಅಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಾರೆ, ಮಕ್ಕಳು ಇಳಿಯುತ್ತಾರೆ. ನನಗೆ ಈಜು ಕಲಿಸಿದ ಶರಣಪ್ಪ ತಾತ ಮೊದಲ ದಿನ ಹೇಳಿಕೊಟ್ಟದ್ದೇ ಅದು. ಸಮುದ್ರವನ್ನು ಅಲ್ಲಿಯವರೆಗೆ ನಾನು ನೋಡಿದ್ದು ಒಂದೇ ಸಲ, ಚೆನ್ನೈನಲ್ಲಿ, ಮರಳಿನ ಮೇಲೆ ನಿಂತು.

ಒಂಬತ್ತು ದಿನಗಳ ನಂತರ ಅದೇ ಕಡಲತೀರದಿಂದ ಒಂದು ಸುದ್ದಿ ಬಂತು. ಕುರುಗೋಡಿನ ಲಲಿತಾ ಎಂಬ ಮೂವತ್ತು ವರ್ಷದ ಮಹಿಳೆ ಸಮುದ್ರಪಾಲು. ಗಂಡ ವೀರೇಶ ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಕಟಿಂಗ್ ಮಾಸ್ಟರ್. ಏಳು ವರ್ಷದ ಮಗಳನ್ನು ಆತ ಎಳೆದು ತಂದು ಉಳಿಸಿದ, ಹೆಂಡತಿಯನ್ನು ಉಳಿಸಲಾಗಲಿಲ್ಲ. ವರದಿ ಆರು ಸಾಲಿತ್ತು. ಅದನ್ನು ತಿದ್ದಿದವನೂ ನಾನೇ. ಇಂಥ ಸುದ್ದಿಗಳಿಗೆ ನಮ್ಮಲ್ಲಿ ರೂಢಿಯ ಮಾತುಗಳಿದ್ದವು. ಕೈ ತಾನಾಗಿ ಸೇರಿಸಿತು: 'ಸ್ಥಳೀಯರ ಎಚ್ಚರಿಕೆಯನ್ನೂ ಲೆಕ್ಕಿಸದೆ ನೀರಿಗಿಳಿದಿದ್ದರು ಎನ್ನಲಾಗಿದೆ.' ಯಾರು ಅಂದರು ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಶನಿವಾರದ ಪುಟ ನನಗೆ ನೆನಪೂ ಆಗಲಿಲ್ಲ.

ಜನವರಿಯ ಮೂರನೆಯ ವಾರ ವೀರೇಶ ಕಚೇರಿಗೆ ಬಂದ. ಸಣಕಲು ಮನುಷ್ಯ. ಬೆರಳ ತುದಿಗಳಲ್ಲಿ ಡೆನಿಮ್‌ನ ನೀಲಿ ಇಳಿದು ನಿಂತಿತ್ತು. ಪ್ಲಾಸ್ಟಿಕ್ ಕವರಿನಿಂದ ಶನಿವಾರದ ಪುಟ ತೆಗೆದು ನನ್ನ ಮೇಜಿನ ಮೇಲೆ ಬಿಡಿಸಿದ. ಕೊನೆಯ ಮೂರು ಸಾಲಿನ ಕೆಳಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಗೆರೆ ಇತ್ತು.

"ಇದನ್ನ ಓದಿ ಹೋಗಿದ್ವಿರಿ ಸಾರ್. ಆಕಿಗೆ ನೀರಂದ್ರ ಅಂಜಿಕಿ. ನಾನ ಓದಿ ಹೇಳಿದೆ, ನೋಡು, ಅಂಜಾವ್ರಿಗೂ ಒಂದ್ ಜಾಗ ಬರದಾರ ಅಂತ. ಅಂಥಾ ಜಾಗ ಹುಡುಕಿ ಇಳದ್ವಿ. ಆಜೂಬಾಜೂ ಅಲಿ ಹೊಡೀತಿದ್ವು, ನಡುವ ಒಂದೀಟು ನೀರು ಸುಮ್ನ ಇತ್ತು."

"ಈಗ ಏನಾಗಬೇಕಿತ್ತು?" ಎಂದು ಕೇಳಿದೆ.

ಅವನಿಗೆ ಬೇಕಾದದ್ದು ಒಂದು ಕಾಗದ. ಹೆಂಡತಿಯ ತವರು ಸಿರುಗುಪ್ಪ. ಮಣ್ಣು ಮಾಡಿದ ದಿನದಿಂದ ಮಗಳು ಸಹನಾ ಅಲ್ಲೇ ಅಜ್ಜಿಯ ಹತ್ತಿರ ಇದ್ದಳು. ಕರೆಯಲು ಹೋದರೆ ಲಲಿತಾಳ ಅಣ್ಣ ಸಿದ್ಧಲಿಂಗಪ್ಪ ಬಾಗಿಲಲ್ಲೇ ನಿಲ್ಲಿಸಿ ನಮ್ಮ ಪತ್ರಿಕೆಯ ಆರು ಸಾಲು ತೋರಿಸುತ್ತಿದ್ದ.

"ಬ್ಯಾಡಂದ್ರೂ ಇಳಿಸಿ ಕೊಂದಿ, ಪೇಪರ್‌ನ್ಯಾಗ ಐತಿ ಅಂತಾರ್ರಿ. ಐತವಾರ ಹಿರ್ಯಾರು ಕೂಡತಾರ. ಮಗಳು ಯಾರಿಗಂತ ಅವತ್ತ ಹೇಳತಾರ. ನೀವ ಬರದಿದ್ರಿ, ಆ ಜಾಗದಾಗ ಇಳೀರಿ ಅಂತ ನೀವ ಹೇಳಿದ್ರಿ ಅಂತ ಒಂದ್ ಕಾಗದ ಕೊಡ್ರಿ. ಬರದಾವ್ರ ಹೆಸರು ಹಾಕಿ ಕೊಡ್ರಿ. ನನಗ ಬ್ಯಾರೆ ಏನೂ ಬ್ಯಾಡ." ಆ ಗೆರೆಯ ಮೇಲೆ ಬೆರಳಿಟ್ಟು ಕೇಳಿದ, "ಬರದಾವ್ರು ಸಮುದ್ರ ನೋಡ್ಯಾರೇನ್ರಿ?"

"ನೋಡಿರಬೇಕು" ಎಂದೆ.

ಮುಖ್ಯ ಕಚೇರಿಗೆ ಫೋನ್ ಮಾಡಿದೆ. ಹೆಸರಿಲ್ಲದೆ ಪ್ರಕಟವಾದದ್ದರ ಲೇಖಕರನ್ನು ಹೊರಗಿನವರಿಗೆ ತಿಳಿಸುವ ಪದ್ಧತಿ ಇಲ್ಲ, ಪತ್ರ ಕೊಡಕೂಡದು ಎಂದರು. ಬರೆದದ್ದು ಯಾರು ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ವೀರೇಶನಿಗೆ ಪದ್ಧತಿಯನ್ನು ವಿವರಿಸಿದೆ. ಅವನು ಪುಟವನ್ನು ಹಳೆಯ ಮಡಿಕೆಯಲ್ಲೇ ಮಡಚಿದ. "ನೀವೂ ಸಿರುಗುಪ್ಪದಾವ್ರಂತಲ್ರಿ. ಐತವಾರ ಬಂದು ಕುಂದ್ರರಿ ಸಾಕು" ಎಂದು ಹೇಳಿ ಮೆಟ್ಟಿಲಿಳಿದ.

ಶುಕ್ರವಾರ ರಜೆ ಹಾಕಿ ಆ ಕಡಲತೀರಕ್ಕೆ ಹೋದೆ. ಲಲಿತಾಳ ಶವವನ್ನು ಮೇಲೆ ತಂದವನು ಅಲ್ಲಿ ಸರ್ಫಿಂಗ್ ಕಲಿಸುವ ನಾಗೇಶ. ಬೆಳಿಗ್ಗೆ ಏಳಕ್ಕೆ ಹಲಗೆಗಳಿಗೆ ಮೇಣ ಉಜ್ಜುತ್ತಾ ಕುಳಿತಿದ್ದ. ಎದ್ದು ಬಂದು ಕೈ ಚಾಚಿ ತೋರಿಸಿದ. ಎಡಕ್ಕೂ ಬಲಕ್ಕೂ ಬಿಳಿ ನೊರೆಯ ಸಾಲು. ನಡುವೆ ಮೂವತ್ತು ಅಡಿ ಅಗಲದ ಪಟ್ಟಿ, ಕಡುಬಣ್ಣದ್ದು. ನೀರು ನೆರಿಗೆ ಕೂಡ ಇಲ್ಲದೆ ಮಲಗಿತ್ತು. ನಾನು ಬರೆಸಿದ್ದ ಜಾಗ ಅದೇ.

"ಅದಕ್ಕೆ ರಿಪ್ ಕರೆಂಟ್ ಅಂತಾರೆ ಮಾರಾಯ್ರೆ" ಎಂದ ನಾಗೇಶ. "ಅಲೆ ತಂದು ಹಾಕಿದ ನೀರು ವಾಪಸ್ ಹೋಗಲಿಕ್ಕೆ ದಾರಿ ಬೇಕಲ್ಲ? ಮರಳನ್ನ ಕೊರೆದು ಹೀಗೆ ಕಾಲುವೆ ಮಾಡ್ಕೊಳ್ತದೆ. ಅಲ್ಲಿ ಆಳ, ಅದಕ್ಕೇ ಅಲೆ ಒಡೆಯೂದಿಲ್ಲ. ನಾವು ಹಲಗೆ ತಗೊಂಡು ಒಳಗೆ ಹೋಗಲಿಕ್ಕೆ ಅದನ್ನೇ ಹಿಡಿಯೂದು. ಕೈ ಬಡಿಯೂದೇ ಬೇಡ, ತಾನೇ ಒಯ್ತದೆ. ಸಿಕ್ಕಿಬಿದ್ದವರು ಅಡ್ಡಕ್ಕೆ ಈಜಿ ನೊರೆ ಇದ್ದಲ್ಲಿಗೆ ಬಂದ್ರೆ ಬಚಾವ್. ಘಟ್ಟದ ಮೇಲಿನವರಿಗೆ ಇದು ಹೇಗೆ ಗೊತ್ತಾಗಬೇಕು? ಸೀದಾ ದಡಕ್ಕೆ ಈಜ್ತಾರೆ. ಕೈ ಸೋತ ಮೇಲೆ ಮುಗೀತು."

"ಇಳಿಯಬೇಡಿ ಅಂತ ಎಚ್ಚರಿಸಿದವರು ಯಾರು?"

"ಎಚ್ಚರಿಸಲಿಕ್ಕೆ ಯಾರಿದ್ರು? ಬಾವುಟ ಇಲ್ಲ, ಬೋರ್ಡಿಲ್ಲ, ಗಾರ್ಡಿಲ್ಲ. ಕೂಗು ಕೇಳಿ ನಾನೇ ಓಡಿದ್ದು. ಆ ಗಂಡ ಮಗುನ ಮರಳಿಗೆ ಹಾಕಿ ಮೂರು ಸಲ ಒಳಗೆ ಹೋದ. ನಾಲ್ಕನೇ ಸಲ ಇಬ್ಬರು ಹಿಡ್ಕೊಂಡ್ರು." ಮೇಣದ ತುಂಡನ್ನು ಕೈಯಲ್ಲಿ ತಿರುಗಿಸುತ್ತಾ ನನ್ನನ್ನು ನೋಡಿದ. "ಎಚ್ಚರಿಕೆ ಅಂತ ಪೇಪರ್‌ನಲ್ಲಿ ಬಂದಿತ್ತಂತಲ್ಲ. ಯಾರೋ ಪುಣ್ಯಾತ್ಮ ಕೂತಲ್ಲೇ ಬರ್ದದ್ದು."

ಎರಡು ಪುಟ ಟಿಪ್ಪಣಿ ಮಾಡಿಕೊಂಡೆ. ನಾಗೇಶನ ಹೆಸರು, ಅವನು ಹೇಳಿದ್ದು, ಪಟ್ಟಿಯ ಅಗಲ ಎಲ್ಲವೂ ಅದರಲ್ಲಿತ್ತು. ವರದಿಗೆ ಏನೇನು ಬೇಕೋ ಅಷ್ಟೂ ಸಿಕ್ಕಿತ್ತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಿರುಗುಪ್ಪದಲ್ಲಿ ಹಿರಿಯರು ಕೂತರು. ಸಿದ್ಧಲಿಂಗಪ್ಪನದು ಅಕ್ಕಿ ಗಿರಣಿ. ಭತ್ತ ಒಣಗಿಸುವ ಅಂಗಳದಲ್ಲಿ ಜಮಖಾನ ಹಾಸಿದ್ದರು. ಐವತ್ತು ಅರವತ್ತು ಜನ ಇದ್ದರು, ಹೆಚ್ಚಿನವರು ನನ್ನ ತಂದೆಯನ್ನು ಬಲ್ಲವರು. ನಡುವೆ ಶರಣಪ್ಪ ತಾತ, ಆಗ ಎಂಬತ್ತು ದಾಟಿತ್ತು. ನಾನು ಹಿಂದಿನ ಸಾಲಿನಲ್ಲಿ ಕುಳಿತೆ. ನನ್ನ ಅಂಗಿಯ ಜೇಬಿನಲ್ಲಿ ಆ ಎರಡು ಪುಟ ಟಿಪ್ಪಣಿ ಇತ್ತು.

ಸಿದ್ಧಲಿಂಗಪ್ಪ ಆರು ಸಾಲಿನ ಸುದ್ದಿಯನ್ನು ಜೋರಾಗಿ ಓದಿದ. 'ಎಚ್ಚರಿಕೆಯನ್ನೂ ಲೆಕ್ಕಿಸದೆ' ಎಂಬುದನ್ನು ಎರಡು ಸಲ ಓದಿದ. "ಇಲ್ಲಿ ಹೊಳಿಗೆ ಒಂದ್ ಬಿಂದಿಗಿ ನೀರು ತರಾಕ ಅಂಜತಿದ್ದಾಕಿ ನನ್ ತಂಗಿ. ಈ ಪ್ಯಾಂಟು ಕತ್ತರಸಾಂವಗ ಸಮುದ್ರದ ಶೋಕಿ."

ವೀರೇಶ ಶನಿವಾರದ ಪುಟ ಬಿಡಿಸಿ ತಾತನ ಮುಂದಿಟ್ಟ. ನಡೆದದ್ದನ್ನು ಇದ್ದ ಹಾಗೆ ಹೇಳಿದ. ಯಾರೋ ಮೂರು ಸಾಲನ್ನು ತಾತನಿಗೆ ಓದಿ ಹೇಳಿದರು.

"ಇದನ್ನ ಬರದಾವನ ಹೆಸರೇನೈತಿ?" ಎಂದು ಸಿದ್ಧಲಿಂಗಪ್ಪ ಕೇಳಿದ. "ಇಲ್ಲಲ್ಲ. ಹೆಸರಿಲ್ದಾವನ ಮಾತು ಹಿಡಕೊಂಡು ಹೇಂತಿನ ನೀರಿಗಿಳಸಿದ್ಯಾ?"

ತಾತನ ತಲೆಯಲ್ಲಿದ್ದದ್ದು ಬೇರೆ. "ಆ ಜಾಗದಾಗ ನೀರು ಸುಮ್ನ ಇತ್ತು ಅಂತೀಯಲ್ಲಪ್ಪ. ಸುಮ್ನಿದ್ದ ನೀರು ಹೆಂಗ ಎಳಕೊಂಡು ಹೊಕ್ಕತಿ? ನಾವೂ ಹೊಳಿ ದಂಡಿ ಮಂದಿ ಅದೀವಿ. ಖರೇ ಹೇಳು. ಅಲಿ ಹೊಡ್ಯೂ ಕಡೆ ಇಳದಿದ್ರಿ, ಹೌದಲ್ಲೋ?"

"ಇಲ್ಲರಿ ತಾತ. ಸುಮ್ನ ಇತ್ರಿ ನೀರು. ನನಗೂ ತಿಳಿವಲ್ದು."

ಜನರಲ್ಲಿ ಗುಜುಗುಜು ಎದ್ದಿತು. ಒಬ್ಬ, "ಸುಳ್ಳಾದ್ರೂ ಚೊಲೋತ್ನಾಗ ಹೇಳ್ಲೇ" ಎಂದ. ಕೆಲವರು ನಕ್ಕರು. ಆಗ ತಾತ ನನ್ನನ್ನು ಕಂಡ.

"ಪಂಪಾಪತಿ, ಪೇಪರ್‌ನಾವ ಅದೀ, ನನ್ ಕೈಯಾಗ ಈಜ ಕಲತಾವ. ನೀ ಹೇಳು. ಅಲಿ ಇಲ್ದ ನೀರಾಗ ಸೆಳವು ಇರತೈತೇನು?"

ಅಂಗಳದಲ್ಲಿ ಎಲ್ಲರೂ ನನ್ನ ಕಡೆ ತಿರುಗಿದರು. ವೀರೇಶನೂ ತಿರುಗಿದ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಜೇಬಿನಲ್ಲಿದ್ದುದನ್ನು ಓದಿದರೆ ಮುಂದಿನ ಪ್ರಶ್ನೆ, ಹಾಗಾದರೆ ಬರೆದವರು ಯಾರು ಎಂಬುದೇ. ವೃತ್ತಿಯಲ್ಲಿ ನಾನು ಕಲಿತದ್ದು, ಕೇಳಿದ್ದಕ್ಕೆ ಸುಳ್ಳಲ್ಲದ ಉತ್ತರ ಕೊಡುವುದು.

"ಹೊಳ್ಯಾಗ ಇರಂಗಿಲ್ಲರಿ ತಾತ" ಎಂದೆ.

ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು. ಮಗಳು ಅಜ್ಜಿಯ ಮನೆಯಲ್ಲಿ ಬೆಳೆಯಬೇಕು. ತಂದೆ ಯುಗಾದಿಗೂ ದೀಪಾವಳಿಗೂ ಬಂದು ನೋಡಬಹುದು, ರಾತ್ರಿ ಉಳಿಯುವಂತಿಲ್ಲ. ವೀರೇಶ ವಾದ ಮಾಡಲಿಲ್ಲ. ಸೀಮೆಸುಣ್ಣದ ಗೆರೆ ಎಳೆದಿದ್ದ ಪುಟವನ್ನು ಮಡಚಿ ಕವರಿನಲ್ಲಿಟ್ಟ. ಬಾಗಿಲ ಹಿಂದೆ ನಿಂತಿದ್ದ ಮಗುವನ್ನು ಯಾರೋ ಒಳಗೆ ಕರೆದೊಯ್ದರು. ನಾನು ಹನ್ನೆರಡರ ಬಸ್ಸಿಗೆ ಬಳ್ಳಾರಿಗೆ ಬಂದು ಸಂಜೆಯ ಪಾಳಿ ಮಾಡಿದೆ. ಆ ಟಿಪ್ಪಣಿ ವರದಿಯಾಗಲಿಲ್ಲ.

ನಿವೃತ್ತನಾಗಿ ಕೆಲವು ವರ್ಷ ಕಳೆದ ಮೇಲೆ, ಕಳೆದ ಶ್ರಾವಣದಲ್ಲಿ ಕುರುಗೋಡಿಗೆ ಹೋದೆ. ವೀರೇಶ ಘಟಕ ಬಿಟ್ಟು ಬಸ್ ನಿಲ್ದಾಣದ ಹತ್ತಿರ ಸಣ್ಣ ಹೊಲಿಗೆ ಅಂಗಡಿ ಇಟ್ಟಿದ್ದ. ಸ್ಟೂಲು ಸರಿಸಿ ಕೂರಿಸಿದ. ಮೂರು ಸಾಲು ಬರೆಸಿದವನು ನಾನು, 'ಎಚ್ಚರಿಕೆ' ಸೇರಿಸಿದವನೂ ನಾನು ಎಂದು ಹೇಳಿದೆ. ಅವನು ಮಷಿನ್ ನಿಲ್ಲಿಸಲಿಲ್ಲ. ಹೊಲಿಗೆ ಮುಗಿಸಿ ದಾರ ಕತ್ತರಿಸಿದ.

"ಗೊತ್ರಿ. ಅವತ್ತ ತಾತ ಕೇಳಿದಾಗ ನೀವು ಹೊಳಿ ಮಾತಾಡಿದ್ರಿ. ಕೇಳಿದ್ದು ಸಮುದ್ರದ್ದು. ಅವಾಗ ಗೊತ್ತಾತು. ಇನ್ನೊಂದ್ ಮಾತು ಹೇಳತೀರೇನೋ ಅಂತ ನೋಡಿದೆ. ನೀವು ಚಸ್ಮಾ ಒರಸಿಕೊಂತ ಕುಂತ್ರಿ."

"ತಪ್ಪಾಯಿತು" ಎಂದೆ.

"ನನಗ್ಯಾಕ ಹೇಳತೀರಿ. ನನಗೇನು ತಿಳೀದಿದ್ದು ಐತಿ ಇದರಾಗ. ಸಿರುಗುಪ್ಪಕ್ಕ ಹೋಗಿ ಆಕಿಗೆ ಹೇಳ್ರಿ. ದೀಪಾವಳಿಗೆ ಹೋದ್ರ ಮಾತಾಡಂಗಿಲ್ಲ ನನ್ ಕೂಡ. ಹೊಲದು ಕೊಟ್ಟ ಅರಿವಿ ಇಸ್ಕೊಂತಾಳ, ಒಳಗ ಹೋಗತಾಳ."

ಹೋದೆ. ಸಹನಾಳಿಗೆ ಈಗ ಹದಿನಾಲ್ಕು, ಒಂಬತ್ತನೇ ತರಗತಿ. ಶರಣಪ್ಪ ತಾತ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಹುಡುಗಿ ಬಾಗಿಲಿನ ಚೌಕಟ್ಟು ಹಿಡಿದು ನಿಂತು ಎಲ್ಲವನ್ನೂ ಕೇಳಿದಳು. ನೀರು ಯಾಕೆ ಶಾಂತವಾಗಿತ್ತು, ಎಚ್ಚರಿಸುವವರು ಯಾಕೆ ಯಾರೂ ಇರಲಿಲ್ಲ, ಅವಳನ್ನು ಮರಳಿಗೆ ಹಾಕಿ ಅಪ್ಪ ಎಷ್ಟು ಸಲ ಒಳಗೆ ಹೋದ ಎಂಬುದನ್ನು ಟಿಪ್ಪಣಿ ನೋಡಿಕೊಂಡು ಹೇಳಿದೆ. ಅವಳು ಅಳಲಿಲ್ಲ. ಒಳಗೆ ಹೋಗಿ ಪಠ್ಯಪುಸ್ತಕವೊಂದನ್ನು ತಂದಳು. ಅದರ ನಡುವೆ ಆರು ಸಾಲಿನ ಆ ಸುದ್ದಿ ಇತ್ತು, ಹಳದಿಯಾಗಿತ್ತು.

"ಇದು ಪೇಪರ್‌ನ್ಯಾಗ ಐತ್ರಿ. ನೀವು ಹೇಳಿದ್ದು ಎದರಾಗ ಐತಿ?"

ನಾನು ಟಿಪ್ಪಣಿ ಮಡಚಿ ಜೇಬಿಗಿಟ್ಟೆ.

"ಬಾಯಿಲೆ ಹೇಳಿ ಹೋದ್ರ ನಾ ಯಾರಿಗಂತ ತೋರಸಲ್ರಿ" ಎಂದು ಪುಸ್ತಕ ಮುಚ್ಚಿದಳು.

ಪತ್ರಿಕೆಗೆ ಬರೆದೆ. ಇಷ್ಟು ಹಿಂದಿನದಕ್ಕೆ ತಿದ್ದುಪಡಿ ಹಾಕುವುದಿಲ್ಲ ಎಂದು ಉತ್ತರ ಬಂತು. ಆ ಕುರ್ಚಿಯಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ. ಬೇರೆಯವರು ಬರೆದ ಪ್ರತಿ ವಾಕ್ಯಕ್ಕೂ ಇದನ್ನು ಯಾರು ಹೇಳಿದರು, ಯಾರು ನೋಡಿದರು ಎಂದು ಕೇಳುವುದು ನನ್ನ ಕೆಲಸವಾಗಿತ್ತು. ಖಾಲಿ ಜಾಗ ತುಂಬಿಸಲು ನಾನೇ ಬರೆದದ್ದಕ್ಕೆ ಆ ಪ್ರಶ್ನೆಯನ್ನು ಎರಡು ಸಲವೂ ಕೇಳಲಿಲ್ಲ. ಮೂರನೆಯ ಸಲ, ಭತ್ತದ ಅಂಗಳದಲ್ಲಿ, ಉತ್ತರ ಜೇಬಿನಲ್ಲಿದ್ದೂ ಕೊಡಲಿಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟು, ಅದೂ ತಡವಾಗಿ: ಸುಳ್ಳಲ್ಲದ ಮಾತು ಹೇಳಿ ಸುಮ್ಮನಾಗುವುದು ನಿಜ ಹೇಳಿದಂತೆ ಅಲ್ಲ.

ಈ ಬರಹ ಅಚ್ಚಾದರೆ ಸಹನಾ ಕತ್ತರಿಸಿ ಇಟ್ಟುಕೊಳ್ಳಲು ಅನುಕೂಲವಾಗುವಂತೆ ಮುಂದಿನದನ್ನು ಬೇರೆಯಾಗಿ ಬರೆಯುತ್ತಿದ್ದೇನೆ.

ತಿದ್ದುಪಡಿ: ಕುರುಗೋಡಿನ ವೀರೇಶ ಅವರ ಪತ್ನಿ ಲಲಿತಾ ಅವರ ಸಾವಿನ ಸುದ್ದಿಯಲ್ಲಿ, ಎಚ್ಚರಿಕೆಯನ್ನು ಲೆಕ್ಕಿಸದೆ ನೀರಿಗಿಳಿದಿದ್ದರು ಎಂದು ಪ್ರಕಟವಾಗಿತ್ತು. ಅವರನ್ನು ಯಾರೂ ಎಚ್ಚರಿಸಿರಲಿಲ್ಲ. ಅಲೆ ಒಡೆಯದ ಜಾಗ ನೋಡಿ ಇಳಿಯಿರಿ ಎಂಬ ಪತ್ರಿಕೆಯ ಮಾತನ್ನು ನಂಬಿ ಅವರು ಇಳಿದಿದ್ದರು. ಆ ಮಾತು ತಪ್ಪು. ವೀರೇಶ ಮಗಳನ್ನು ದಡಕ್ಕೆ ತಂದು ಪತ್ನಿಗಾಗಿ ಮೂರು ಸಲ ಸಮುದ್ರಕ್ಕೆ ಹೋಗಿದ್ದರು. ಎರಡೂ ತಪ್ಪುಗಳನ್ನು ಬರೆದವನು ನಾನು, ಸಿರುಗುಪ್ಪದ ಪಂಪಾಪತಿ.