ಬೆಟ್ಟೇಗೌಡರ ಮಂಚ, ಲಂಕೆಯ ಟಿಕೆಟ್ಟು

1996ರಲ್ಲಿ, ಒಂಬತ್ತನೇ ತರಗತಿ ಅರ್ಧಕ್ಕೆ ಬಂದಿದ್ದಾಗ ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಪಾಂಡವಪುರದಿಂದ ನಾಗಮಂಗಲದ ಕಡೆ ಓಡುತ್ತಿದ್ದ ಒಂದು ಖಾಸಗಿ ಬಸ್ಸಿಗೆ ಕ್ಲೀನರ್ ಬೇಕಾಗಿತ್ತು, ಹತ್ತಿಕೊಂಡೆ. ಆಮೇಲೆ ಡ್ರೈವರ್ ಆದೆ, ಅದಾದ ಮೇಲೆ ಸ್ವಂತಕ್ಕೆ ಒಂದು ಹಳೇ ಟೆಂಪೋ ಟ್ರಾವೆಲರ್ ತೆಗೆದುಕೊಂಡೆ. ಧರ್ಮಸ್ಥಳ, ತಿರುಪತಿ, ಶಬರಿಮಲೆ, ಕಾಶಿ ಎಂದು ಈ ಸುತ್ತಿನ ಜನರನ್ನು ಹೊತ್ತು ತಿರುಗಿದ್ದೇನೆ. 2024ರಲ್ಲಿ ಮೊದಲ ಸಲ ಸಮುದ್ರ ದಾಟಿಸುವ ಕೆಲಸಕ್ಕೆ ಕೈ ಹಾಕಿದೆ. ಹದಿನಾಲ್ಕು ಜನ, ಆರು ದಿನ, ಶ್ರೀಲಂಕಾ. ಆ ಪ್ರವಾಸ ಹೊರಡುವ ಮೊದಲೇ ಮುರಿದು ಬೀಳುವುದರಲ್ಲಿತ್ತು. ಅದರ ಕಥೆ ಇದು.

ನಮ್ಮ ಕಸುಬಿನಲ್ಲಿ ಅನುಮಾನ ಇಲ್ಲದವನು ಉಳಿಯುವುದಿಲ್ಲ. ಫೋಟೋದಲ್ಲಿ ಸಮುದ್ರ ಕಾಣುವ ಹೋಟೆಲಿನ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ ಕಾಣುತ್ತದೆ. ಅದಕ್ಕೇ ಕೊಲಂಬೋದಲ್ಲಿ ನನಗೆ ಬಸ್ಸು, ರೂಮು ಹೊಂದಿಸಿಕೊಡುತ್ತಿದ್ದ ಏಜೆಂಟನಿಗೆ ವಿಡಿಯೋ ಕಾಲ್ ಮಾಡಿ, ಒಂದೊಂದು ರೂಮಿನ ನಲ್ಲಿ ತಿರುಗಿಸಿ ಬಿಸಿನೀರು ಬರುತ್ತದೋ ಇಲ್ಲವೋ ತೋರಿಸು ಎಂದೆ. ಅವನು ತಮಿಳಿನಲ್ಲಿ ಏನೋ ಗೊಣಗಿದ. ನನಗೆ ಬಸ್ ಸ್ಟ್ಯಾಂಡಿನ ತಮಿಳು ಬರುತ್ತದೆ, ಅರ್ಥವಾಯಿತು. ಆದರೂ ತೋರಿಸಿದ ಮೇಲೇ ಬಿಟ್ಟೆ.

ಲಂಕೆಯನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ವಿಮಾನದಲ್ಲಿ ಹೆಚ್ಚು ಹೊತ್ತು ಕೂರಬೇಕಿಲ್ಲ. ಅನ್ನ, ತೆಂಗಿನಕಾಯಿ ನಮ್ಮಲ್ಲಿ ಇದ್ದಂತೆಯೇ. ಒಂದೇ ರಸ್ತೆಯಲ್ಲಿ ಬುದ್ಧನ ವಿಹಾರ, ತಮಿಳರ ಗುಡಿ, ಮಸೀದಿ, ಚರ್ಚು ಎಲ್ಲಾ ಸಿಗುತ್ತವೆ. ಒಂದೊಂದು ಕಡೆಗೂ ಒಂದೊಂದು ಕಟ್ಟುಪಾಡು. ವಿಹಾರದೊಳಗೆ ಟೋಪಿ, ಚಪ್ಪಲಿ ಕೂಡದು, ಬುದ್ಧನಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳಕೂಡದು. ಹುಣ್ಣಿಮೆಯನ್ನು ಅವರು ಪೋಯ ಎನ್ನುತ್ತಾರೆ, ಆ ದಿನ ಅಂಗಡಿಗಳಲ್ಲಿ ಮಾಂಸ, ಮದ್ಯ ಮಾರುವುದಿಲ್ಲ. ಇಟಿನರಿ ಅಂದರೆ ಯಾವ ದಿನ ಎಲ್ಲಿ ಎನ್ನುವ ಪಟ್ಟಿ. ನಾನು ಅದನ್ನು ಪಂಚಾಂಗ ಎದುರಿಗಿಟ್ಟುಕೊಂಡು ಬರೆದೆ.

ಗುಂಪು ತೊಣ್ಣೂರು ಕೆರೆಯ ಆಚೆಯ ಒಂದು ಊರಿನದು. ಮುಂದಾಳು ಚಲುವೇಗೌಡರು, ಅರವತ್ತು ದಾಟಿದವರು, ಹಿಂದೆ ಹಾಲಿನ ಡೈರಿ ಅಧ್ಯಕ್ಷರಾಗಿದ್ದವರು. ಏಳು ಜೋಡಿ ಹೊರಟಿತ್ತು. ಅದರಲ್ಲಿ ಐದು ಜೋಡಿ ಒಂದೇ ವಂಶದ ಅಣ್ಣತಮ್ಮಂದಿರು, ಅವರ ಹೆಂಡಿರು. ಒಂದೇ ವಂಶವಾದರೆ ಸೀಟಿಗೆ ಜಗಳವಿಲ್ಲ ಎಂದು ನಾನು ಖುಷಿಪಟ್ಟೆ. ಲೆಕ್ಕ ತಪ್ಪಿದ್ದು ಅಲ್ಲೇ.

ಡೈರಿ ಮುಂದಿನ ಕಟ್ಟೆಯ ಮೇಲೆ ಇಟಿನರಿ ಓದಿ ಹೇಳಿದೆ. ಚಲುವೇಗೌಡರು ಬೆರಳು ಮಡಚುತ್ತಾ ಕೇಳಿದರು.

“ನಮ್ ಸ್ವಾಮಾರ ಸನಿವಾರ ಕಳ್ದು, ಅವ್ರ್ ಉಣ್ಣಿಮೆ ಕಳ್ದು, ಬಾಡು ತಿನ್ನಕೆ ಎಷ್ಟ್ ದಿನ ಉಳೀತ್ಲಾ ಪುಟ್ರಾಜ?”

ಅವರ ಹೆಂಡತಿ ಸಾಕಮ್ಮ ಹಾಲಿನ ಕ್ಯಾನು ಕೆಳಗಿಟ್ಟು ನಿಂತಿದ್ದರು. ಆಯಮ್ಮನ ಚಿಂತೆ ಬೇರೆ. “ಕಾಸಿಗೆ ಓಗುವಾಗ ನಿನ್ ಗಾಡಿ ಪಂಚರಾಗಿ ಬಿಸ್ಲಲ್ಲಿ ರೋಡ್ ಪಕ್ಕ ಕೂತಿದ್ವಿ. ಸಮುದ್ರದ್ ಮೇಲೆ ಪಂಚರಾದ್ರೆ ಎಲ್ ಕೂರಾನಪ್ಪ?”

ಎಲ್ಲರೂ ನಕ್ಕರು. ಆದರೆ ಪಾಸ್‌ಪೋರ್ಟ್ ಮಾತ್ರ ಯಾರೂ ನನ್ನ ಕೈಗೆ ಕೊಡಲಿಲ್ಲ. ಫೋಟೋ ಹೊಡ್ಕೊ, ಪುಸ್ತಕ ನಮ್ಮ ಬೀರುವಿನಲ್ಲೇ ಇರಲಿ ಎಂದರು. ಒಂಬತ್ತನೇ ಕ್ಲಾಸು ಬಿಟ್ಟವನು ಸಮುದ್ರ ದಾಟಿಸುತ್ತಾನಂತೆ ಎಂದು ಹಿಂದಿನಿಂದ ಯಾರೋ ಅಂದದ್ದೂ ಕಿವಿಗೆ ಬಿತ್ತು. 

ಗುಂಪು ಟಿಕೆಟ್ಟಿನ ಪದ್ಧತಿ ಹೀಗೆ: ಮೊದಲು ಸೀಟು ಹಿಡಿದಿಡುತ್ತಾರೆ, ಒಂದು ಗಡುವಿನೊಳಗೆ ನಾವು ಹೆಸರು ಕೊಡಬೇಕು. ಹೆಸರು ಕೊಟ್ಟ ಮೇಲೆ ಬದಲಾಯಿಸುವಂತಿಲ್ಲ, ದುಡ್ಡೂ ವಾಪಸ್ಸಿಲ್ಲ. ಗಡುವು ಹತ್ತಿರ ಬರುತ್ತಿದ್ದಂತೆ ಚಲುವೇಗೌಡರು, ಸ್ವಲ್ಪ ತಡಿ, ಹೆಸರು ಕೊಡಬೇಡ ಎಂದರು. ಕಾರಣ ಕೇಳಿದರೆ ಫ್ಯಾಕ್ಟರಿಯಿಂದ ಕಬ್ಬು ಕಡಿಯುವ ಆರ್ಡರ್ ಬಂದಿಲ್ಲವಂತೆ. ಅವರ ತಮ್ಮನಿಗೆ ಫೋನ್ ಮಾಡಿದೆ, ಅವರ ಮನೆ ಹಸು ಈಯುವುದಿತ್ತು. ಇನ್ನೊಬ್ಬರಿಗೆ ಹಲ್ಲು ಕೀಳಿಸಬೇಕಿತ್ತು. ಮತ್ತೊಬ್ಬರ ಮನೆಗೆ ನೆಂಟರು ಬರುವುದಿತ್ತು. ಐದನೆಯವರು ಫೋನೇ ಎತ್ತಲಿಲ್ಲ. ವಂಶದ ಹೊರಗಿನ ಎರಡು ಜೋಡಿ ಮಾತ್ರ ಯಾವತ್ತು ಹೊರಡೋಣ ಎಂದು ಕೇಳುತ್ತಲೇ ಇದ್ದವು.

ಒಂದು ಮನೆಯವರು ಒಂದು ಕಾರಣ ಹೇಳಿದರೆ ನಂಬಬಹುದು. ಐದು ಮನೆಯವರು ಒಂದೇ ವಾರದಲ್ಲಿ ಐದು ಥರ ಜಾರಿಕೊಂಡರೆ ಅದರ ಹಿಂದೆ ಆರನೆಯ ಕಾರಣ ಒಂದಿರುತ್ತದೆ. ನನಗೆ ಹೊಳೆದದ್ದು ಒಂದೇ: ಬೇರೆ ಏಜೆಂಟು. ಶ್ರೀರಂಗಪಟ್ಟಣದಲ್ಲಿ ಹೊಸದಾಗಿ ಒಬ್ಬ ಥಾಯ್ಲೆಂಡ್ ಬೋರ್ಡು ಹಾಕಿಕೊಂಡು ಕೂತಿದ್ದ. ಆ ವಾರವೇ ಗಾಡಿಯ ಕೆಲಸಕ್ಕೆ ಆ ಕಡೆ ಹೋಗಿದ್ದೆ. ನೋಡುತ್ತೇನೆ, ಅವನ ಅಂಗಡಿ ಎದುರಿಗೇ ಚಲುವೇಗೌಡರ ಬೈಕು. ಹಿಂದುಗಡೆ ಹಾಲಿನ ಕ್ಯಾನು ನೇತುಹಾಕುವ ಕೊಕ್ಕೆ ಇರುವ ಬೈಕು, ತಪ್ಪಲು ಸಾಧ್ಯವೇ ಇಲ್ಲ. ನನಗೆ ಮೈ ಉರಿಯಿತು. ಗಾಡಿ ನಿಲ್ಲಿಸದೆ ಬಂದುಬಿಟ್ಟೆ.

ಈ ಪ್ರವಾಸ ಮುರಿದರೆ ಹೋಗುವುದು ಟಿಕೆಟ್ಟು ಮಾತ್ರವಲ್ಲ. ಪುಟ್ಟರಾಜು ಮೇಲುಕೋಟೆ ಬೆಟ್ಟಕ್ಕೆ ಹತ್ತಿಸಿ ಇಳಿಸೋಕೆ ಸರಿ, ಹೊರದೇಶ ಅವನ ಕೈಲಿ ಆಗದು ಎನ್ನುವ ಮಾತು ಕೆ.ಆರ್. ಪೇಟೆಯವರೆಗೂ ಹೋಗುತ್ತದೆ. ಹೆಸರು ಕೊಡುವ ಗಡುವಿಗೆ ಎರಡು ದಿನ ಇದ್ದಾಗ, ಸಂಜೆ ಹಾಲು ಹಾಕುವ ಹೊತ್ತಿಗೆ ಸರಿಯಾಗಿ ಆ ಊರಿಗೆ ಹೋದೆ.

ಡೈರಿ ಮುಂದೆ ಎಲ್ಲರೂ ಇದ್ದರು. ಥಾಯ್ಲೆಂಡಿಗೆ ಹೋಗುವುದಾದರೆ ಮುಖಕ್ಕೇ ಹೇಳಿ ಎಂದೆ. ಚಲುವೇಗೌಡರು ನೆಲ ನೋಡಿದರು. ಆಗ ಸಾಕಮ್ಮ ಮುಂದೆ ಬಂದು, ಬಾರಪ್ಪ ಕಾಪಿ ಕುಡ್ದು ಓಗುವಂತೆ ಎಂದರು. ಕರೆದುಕೊಂಡು ಹೋದದ್ದು ತಮ್ಮ ಮನೆಗಲ್ಲ, ಎದುರಿನ ಮನೆಗೆ.

ನಡುಮನೆಯಲ್ಲಿ ತಲೆಕಡೆ ಎತ್ತುವ ಕಬ್ಬಿಣದ ಆಸ್ಪತ್ರೆ ಮಂಚ. ಅದರ ಮೇಲೆ ಬೆಟ್ಟೇಗೌಡರು, ಆ ವಂಶದ ಹಿರೀಕ, ಚಲುವೇಗೌಡರಿಗೆ ದೊಡ್ಡಪ್ಪ. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ. ಮಗ ರಾಮಣ್ಣ ಕಾಲು ಒತ್ತುತ್ತಿದ್ದರು. ಮಂಚವನ್ನು ಬಾಡಿಗೆಗೆ ತಂದದ್ದು ಶ್ರೀರಂಗಪಟ್ಟಣದಿಂದಂತೆ, ಥಾಯ್ಲೆಂಡ್ ಬೋರ್ಡಿನವನ ಪಕ್ಕದ ಅಂಗಡಿಯಿಂದ.

ನನಗೆ ಎಲ್ಲಾ ತಿಳಿಯಿತು. ಆ ಜೀವ ಹೋದರೆ ಐದು ಮನೆಗೂ ಹನ್ನೊಂದು ದಿನ ಸೂತಕ. ಗುಡಿ ಹೊಸ್ತಿಲು ತುಳಿಯುವಂತಿಲ್ಲ, ಪ್ರವಾಸವಂತೂ ಇಲ್ಲವೇ ಇಲ್ಲ. ಬದುಕಿರುವವರ ಸಾವನ್ನು ಬಾಯಲ್ಲಿ ಆಡಬಾರದು. ಅದಕ್ಕೇ ಕಬ್ಬು, ಹಸು, ಹಲ್ಲು.

ಮುದುಕ ಕಣ್ಣು ಬಿಟ್ಟು ನನ್ನನ್ನು ಅಳೆದರು. “ಬಸ್ಸು ಮಡಗಿರೋ ಪುಟ್ರಾಜ ನೀನೇಯಾ?”

ಹೌದು ತಾತ ಎಂದೆ.

“ನನ್ ತಿಥಿಗೆ ಬಸ್ಸು ನಿಂದೇ ಅನ್ನು.”

ರಾಮಣ್ಣ ಒತ್ತುತ್ತಿದ್ದ ಕೈ ನಿಲ್ಲಿಸಿದರು. ಮುದುಕ ಬಿಡಲಿಲ್ಲ. “ಮಲ್ಗವ್ನೆ ಮುದ್ಕ, ಕಿವಿ ಕೇಳಕಿಲ್ಲ ಅನ್ಕಂಡವ್ರೆ. ಅಡುಗೇವ್ನ ಕರ್ಕಂಡ್ ಓಗದಾ ಬ್ಯಾಡ್ವಾ ಅಂತಾರೆ. ಎಷ್ಟ್ ಜನ ಆಯ್ತದೆ ಅಂತಾರೆ. ಸ್ವಾಮಾರ ಬಾಡು ಬ್ಯಾಡ ಅಂತಾರೆ. ನಾನ್ ಕಣ್ ಬುಟ್ರೆ ಮಾತ್ ನಿಲ್ಲುಸ್ತಾರೆ. ನಾನಿನ್ನೂ ಉಸ್ರಾಡ್ತಾವ್ನಿ ಕಣ್ಲಾ.”

ನಾನು ಅವರನ್ನು ಅನುಮಾನಿಸಿದ್ದೆ. ಅವರು ನನ್ನನ್ನು ಅನುಮಾನಿಸಿದ್ದರು. ಈ ಮಂಚದ ಮೇಲಿನ ಜೀವ ಪ್ರವಾಸದ ಮಾತನ್ನು ತನ್ನ ತಿಥಿಯ ಮಾತೆಂದುಕೊಂಡು ಎಲ್ಲರನ್ನೂ ಅನುಮಾನಿಸುತ್ತಾ ಮಲಗಿತ್ತು. ಇನ್ನು ಮುಚ್ಚಿಡುವುದು ಬೇಡವೆನಿಸಿತು. ಸಾಕಮ್ಮನವರ ಮುಖ ನೋಡಿದೆ. ಬೇಡ ಎನ್ನಲಿಲ್ಲ. ಲಂಕೆಗೆ ಹೋಗುವ ವಿಷಯ, ಟಿಕೆಟ್ಟಿನ ಗಡುವು, ಎಲ್ಲಾ ಹೇಳಿಬಿಟ್ಟೆ. ಯಾಕೆ ತಡೆದಿದ್ದಾರೆ ಎನ್ನುವುದೊಂದನ್ನು ಹೇಳಲಿಲ್ಲ, ಹೇಳಬೇಕಾಗಿಯೂ ಬರಲಿಲ್ಲ. ಬೆಟ್ಟೇಗೌಡರು ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಂತ ಮೇಲೆ ಎಲ್ಲರನ್ನೂ ಕರೆಸಿದರು.

“ನಾನ್ ಯಾವತ್ ಓಯ್ತೀನಿ ಅಂತ ನಂಗೇ ಗೊತ್ತಿಲ್ಲ, ನಿಮ್ಗೆ ಎಂಗ್ಲಾ ಗೊತ್ತಾದದು? ಕಾಯ್ಕಂಡ್ ಕುಂತವ್ರೆ ಕೂಳ್ಗೇಡಿಗಳು. ಓಗ್ರಲಾ. ದೂರದಲ್ಲಿರೋನ್ಗೆ ಸುದ್ದಿ ಕೇಳ್ದಾಗ್ನಿಂದ ಸೂತ್ಕ. ಕೇಳ್ದೆ ಇದ್ರೆ ಇಲ್ಲ. ನಿಮ್ ಪೋನ್‌ಗೀನ್ ಎಲ್ಲಾ ಬುಟ್ಟು ಓಗಿ. ಇವ್ನ್ದು ಒಂದಿದ್ರೆ ಸಾಕು. ಇವ್ನ್ ಒರಗ್ನೋನು, ಇವ್ನ್ ಕೇಳುದ್ರೆ ಏನೂ ಆಗಕಿಲ್ಲ.”

ಆಮೇಲೆ ಮಗನ ಕಡೆ ತಿರುಗಿ, ಏನೇ ಆದರೂ ಪುಟ್ಟರಾಜುವಿಗೆ ಮಾತ್ರ ಹೇಳು, ಅವರು ಊರಿಗೆ ತಿರುಗುವವರೆಗೂ ಬೇರೆ ಯಾರಿಗೂ ಬೇಡ ಎಂದು ಮಾತು ತೆಗೆದುಕೊಂಡರು. ಗಡುವಿನೊಳಗೆ ಹದಿನಾಲ್ಕು ಹೆಸರೂ ಕೊಟ್ಟೆ.

ಫೋಟೋ ಹೊಡೆಯಲು ಬೇಕೆಂದು ಫೋನು ತಂದರು, ಸಿಮ್ ಮಾತ್ರ ತೆಗೆದು ಮನೆಯಲ್ಲಿಟ್ಟರು. ವೈಫೈ ಇದ್ದರೆ ವಾಟ್ಸಾಪ್ ಬರುತ್ತದೆ. ಅದಕ್ಕೆ ಪ್ರತಿ ಹೋಟೆಲಿನಲ್ಲೂ ನನ್ನ ಜನಕ್ಕೆ ಪಾಸ್‌ವರ್ಡ್ ಕೊಡಬೇಡಿ ಎಂದು ಹೇಳಿಸಿದೆ. ಕ್ಯಾಂಡಿ ಊರಿನ ಹೋಟೆಲ್ ಮ್ಯಾನೇಜರ್ ನನ್ನನ್ನು ಜನ ಸಾಗಿಸುವ ಕಳ್ಳನನ್ನು ನೋಡಿದಂತೆ ನೋಡಿದ.

ಅಲ್ಲಿಂದಾಚೆ ನನ್ನ ಫೋನು ಬಡಿದುಕೊಂಡರೆ ಸಾಕು, ಎಲ್ಲರೂ ತಿನ್ನುವುದು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ಒಂದು ಸಲ ಬಂದದ್ದು ನನ್ನ ಹೆಂಡತಿಯ ಫೋನು. ಗ್ಯಾಸ್ ಬುಕ್ ಮಾಡದೆ ಹೋಗಿದ್ದೀರಿ ಎಂದು ಬೈಯುತ್ತಿದ್ದಳು. ಯಾರೂ ನಂಬಲಿಲ್ಲ. ಸ್ಪೀಕರ್ ಹಾಕಿದೆ. ಅವಳು ಬೈದದ್ದು ಎಲ್ಲರಿಗೂ ಕೇಳಿಸಿತು, ಆಮೇಲೆ ನೆಮ್ಮದಿಯಾಗಿ ಊಟ ಮಾಡಿದರು.

ನಾಲ್ಕನೇ ದಿನ ಬೆಳಿಗ್ಗೆ ನುವರ ಎಲಿಯದಲ್ಲಿದ್ದೆವು. ಟೀ ತೋಟಗಳ ಊರು, ಚಳಿ. ಬಸ್ಸಿನ ಪಕ್ಕ ನಿಂತು ಸಾಮಾನು ಹತ್ತಿಸುತ್ತಿದ್ದೆ. ರಾಮಣ್ಣನ ಫೋನು ಬಂತು. ಅಪ್ಪ ಹೋದ್ರು, ನಿದ್ದೆಯಲ್ಲೇ ಎಂದರು. ಸರಿ ಸರಿ ಎಂದಷ್ಟೇ ಹೇಳಿ ಇಟ್ಟೆ. ಯಾರಂತೆ ಎಂದು ಚಲುವೇಗೌಡರು ಕೇಳಿದರು. ಮುಂದಿನ ಹೋಟೆಲಿನವರು, ರೂಮು ಬದಲಾಗಿದೆ ಎಂದೆ. ಅವರು ನನ್ನ ಮುಖವನ್ನು ಚೆನ್ನಾಗಿ ನೋಡಿ, ಹೋಗಿ ಸೀಟಿನಲ್ಲಿ ಕೂತರು. ಮೇಲೆ ಕಿಟಕಿಯಲ್ಲಿ ಸಾಕಮ್ಮ ಕೂತಿದ್ದರು. ಅವರು ಏನೂ ಕೇಳಲಿಲ್ಲ.

ಊರಾಚೆ ಒಂದು ತೊರೆಯ ಪಕ್ಕ ಸೀತಮ್ಮನ ಗುಡಿ ಇದೆ. ಇವರೆಲ್ಲ ಲಂಕೆಗೆ ಹೊರಟದ್ದೇ ಅದನ್ನು ನೋಡಲು. ಬಸ್ಸು ನಿಂತ ಕೂಡಲೇ ಚಪ್ಪಲಿ ಬಿಟ್ಟು ಇಳಿದರು. ಸಾಕಮ್ಮ ಏಳಲಿಲ್ಲ. ಮಂಡಿ ನೋವು, ನೀವು ಹೋಗಿ ಬನ್ನಿ ಎಂದರು. ಹಿಂದಿನ ದಿನ ಕ್ಯಾಂಡಿಯ ವಿಹಾರದ ಮೆಟ್ಟಿಲುಗಳನ್ನು ಎಲ್ಲರಿಗಿಂತ ಮುಂದೆ ಹತ್ತಿದ ಹೆಂಗಸು ಆಯಮ್ಮ.

ಎಲ್ಲರೂ ಹೋದ ಮೇಲೆ ಬಾಗಿಲ ಹತ್ತಿರ ಹೋಗಿ, ಅಕ್ಕ ಎಂದೆ.

“ನಾನು ಏನೂ ಕೇಳ್ನಿಲ್ಲ. ನೀನೂ ಏನೂ ಏಳ್ಬ್ಯಾಡ,” ಎಂದು ಸೆರಗನ್ನು ಮುಖಕ್ಕೆ ಎಳೆದುಕೊಂಡರು. ಆಮೇಲೆ ಸೆರಗಿನ ಒಳಗಿನಿಂದಲೇ, “ಅವ್ರು ಓಗ್ಬರ್ಲಿ ಬುಡು,” ಎಂದರು.

ಚಲುವೇಗೌಡರು ಕುಂಕುಮ ಹಿಡಿದುಕೊಂಡು ಬಂದರು. ಕೈ ಎಂಜಲಾಗಿದೆ, ಕಾಗದದಲ್ಲಿ ಕಟ್ಟಿಡಿ, ಆಮೇಲೆ ಇಟ್ಟುಕೊಳ್ಳುತ್ತೇನೆ ಎಂದರು ಸಾಕಮ್ಮ. ಅವರ ಕೈಯಲ್ಲಿ ತಿನ್ನುವುದೇನೂ ಇರಲಿಲ್ಲ. ಅದರ ಮುಂದಿನ ದಿನವೂ ಯಾವ ಗುಡಿಗೂ ಇಳಿಯಲಿಲ್ಲ, ಯಾವ ವಿಹಾರಕ್ಕೂ ಇಳಿಯಲಿಲ್ಲ. ಉಳಿದವರು ನನ್ನ ಫೋನನ್ನು ಕಾಯುತ್ತಿದ್ದರೇ ಹೊರತು ಪಕ್ಕದ ಸೀಟನ್ನು ನೋಡಲಿಲ್ಲ.

ಬೆಂಗಳೂರಿನಲ್ಲಿ ಇಳಿದು, ಸಾಮಾನು ಕೈಗೆ ಸಿಕ್ಕ ಮೇಲೆ ಚಲುವೇಗೌಡರಿಗೆ ದೊಡ್ಡಪ್ಪ ಹೋದ ಸುದ್ದಿ ಹೇಳಿದೆ. ಯಾವತ್ತು ಎಂದು ಕೇಳಿದರು. ಹೇಳಿದೆ. ಹೆಂಡತಿ ಕಡೆ ತಿರುಗಿದರು.

“ನಿಂಗೊತ್ತಿತ್ತಾ?”

“ಯಾರೂ ಏಳ್ನಿಲ್ಲ,” ಎಂದರು ಸಾಕಮ್ಮ.

ಸೂತಕ ಕಳೆದ ಮೇಲೆ ಒಂದು ದಿನ ಚಲುವೇಗೌಡರು ಪಾಂಡವಪುರದ ನನ್ನ ಮಳಿಗೆಗೆ ಬಂದರು. ಕೂರಿ ಎಂದರೂ ಕೂರಲಿಲ್ಲ.

“ನೀನ್ ನಡ್ಸಿದ್ದು ದೊಡ್ಡಪ್ಪನ್ ಮಾತು, ತೆಪ್ಪಲ್ಲ. ಆದ್ರೆ ನಾನ್ ನೆಟ್ಟಗೆ ನಿನ್ ಮಕ ನೋಡಿ ಕೇಳ್ದೆ ಕಣ್ಲಾ. ಇನ್ನ ನಿನ್ ಮಕ ನಂಬಕಿಲ್ಲ.”

ಅವರ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಜನ ಸಣ್ಣ ಸಣ್ಣ ಕಾರಣ ಹೇಳಿ ಜಾರಿಕೊಂಡರೆ ಮೋಸ ಎಂದುಕೊಳ್ಳುವ ಮೊದಲು, ಬಾಯಲ್ಲಿ ಆಡಲಾಗದ ಒಂದು ದೊಡ್ಡ ಕಾರಣ ಇದೆಯೋ ನೋಡಬೇಕು. ಅದು ಫೋನಿನಲ್ಲಿ ಸಿಗುವುದಿಲ್ಲ, ಮನೆಯೊಳಗೆ ಕೂತು ಕಾಫಿ ಕುಡಿದರೆ ಸಿಗುತ್ತದೆ. ಈಗ ಯಾರದೇ ಪಾಸ್‌ಪೋರ್ಟ್ ಕೇಳುವ ಮೊದಲು ಅವರ ಮನೆಯ ಹಿರಿಯರನ್ನು ಮಾತಾಡಿಸಿ ಬರುತ್ತೇನೆ. ಒಂದೇ ವಂಶದವರಿಂದ ಸೀಟು ತುಂಬಿಸುವುದಿಲ್ಲ. ಅನುಮಾನ ಪಡುವುದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಕೆಲವು ಅನುಮಾನಗಳನ್ನು ಬಾಯಿಗೆ ತರದೆ ನುಂಗಿಕೊಂಡರೆ ನಾಲ್ಕು ಜನಕ್ಕೆ ಒಳ್ಳೆಯದಾಗುತ್ತದೆ ಎನ್ನುವುದನ್ನು ನಾನು ಸಾಕಮ್ಮನವರಿಂದ ಕಲಿತೆ.

ಈಗ ನನ್ನ ಹತ್ತಿರ ಎರಡು ಟೆಂಪೋ ಟ್ರಾವೆಲರ್ ಇವೆ, ಒಂದು ಮಿನಿ ಬಸ್ಸಿದೆ, ಪಾಂಡವಪುರದಲ್ಲಿ ಬಾಡಿಗೆಯ ಒಂದು ಮಳಿಗೆ ಇದೆ, ಮೂವರು ಡ್ರೈವರುಗಳಿದ್ದಾರೆ. ಹೊರದೇಶಕ್ಕೆ ನಾಲ್ಕು ಗುಂಪು ಕರೆದುಕೊಂಡು ಹೋಗಿ ಬಂದಿದ್ದೇನೆ. ಬರುವ ವರ್ಷದ ಮಲೇಷಿಯಾಕ್ಕೆ ಆ ಊರಿನಿಂದ ಒಂಬತ್ತು ಜನ ಹೆಸರು ಕೊಟ್ಟಿದ್ದಾರೆ. ಅದರಲ್ಲಿ ಚಲುವೇಗೌಡರಿಲ್ಲ, ಸಾಕಮ್ಮ ಇದ್ದಾರೆ.